ಮಾಲೂರಿನಲ್ಲಿ ಇಳಿದ ದಿನ

ಭಾರತಮ್ಮನಿಗೆ ಲಂಡನ್ನಿನಲ್ಲಿ ಸೀಟು ಸಿಗುತ್ತದೆಯೋ ಇಲ್ಲವೋ ಎಂಬುದು ಸಾವಿರದ ಒಂಬೈನೂರ ಮೂವತ್ತಾರರ ಕೊನೆಯಲ್ಲಿ ಕೋಲಾರದ ಕೋಟೆಯೊಳಗಿನ ಆ ಮನೆಯಲ್ಲಿ ದಿನವೂ ನಡೆಯುತ್ತಿದ್ದ ಮಾತು. ಬೆಳಗ್ಗೆ ಸ್ಕೂಲಿಗೆ ಹೊರಡುವಾಗ ಸಿಕ್ಕೇ ಸಿಗುತ್ತದೆ ಅನ್ನಿಸುತ್ತಿತ್ತು. ಸಂಜೆ ಬಂದು ಕಾಲು ತೊಳೆಯುವ ಹೊತ್ತಿಗೆ ಅದೇ ಆಸೆ ಹುಚ್ಚಿನಂತೆ ಕಾಣುತ್ತಿತ್ತು. ಆಗವಳಿಗೆ ಇಪ್ಪತ್ತೆರಡು ವರ್ಷ. ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಬಂದು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು. ಅವರ ಕಡೆಯ ಒಕ್ಕಲು ಮನೆಗಳಲ್ಲಿ ಹುಡುಗಿಯೊಬ್ಬಳು ಅಷ್ಟು ಓದಿದ್ದೇ ಜನ ಆಡಿಕೊಳ್ಳುವ ಸಂಗತಿಯಾಗಿತ್ತು. ಅವಳಿಗೆ ಮಾತ್ರ ಅಷ್ಟು ಸಾಲದು, ಲಂಡನ್ನಿಗೆ ಹೋಗಿ ಡಾಕ್ಟರೇಟು ಮಾಡಬೇಕು.

ಬರೆಯಬೇಕೆಂದಿದ್ದ ವಿಷಯ ಅವಳ ತಲೆಯಲ್ಲಿ ಆಗಲೇ ಮೊಳೆತಿತ್ತು. ಅಪ್ಪ ಕೋದಂಡರಾಮಪ್ಪ ಶೇಕದಾರರಾಗಿ, ಕಂದಾಯದ ಮೇಲ್ವಿಚಾರಣೆ ನೋಡುತ್ತ, ಗೌನಿಪಲ್ಲಿಯ ಕಡೆ ಕೆಲವು ವರ್ಷ ಇದ್ದರು. ಅಲ್ಲಿ ಮಾವಿನ ತೋಪುಗಳನ್ನು ಹೂ ಬಿಟ್ಟಾಗಲೇ ಗುತ್ತಿಗೆದಾರರಿಗೆ ಮಾರಿಬಿಡುವುದು ರೂಢಿ. ಹೂವು ನಿಂತರೆ ಲಾಭ ಯಾರಿಗೆ, ಇಬ್ಬನಿಗೆ ಉದುರಿದರೆ ನಷ್ಟ ಯಾರಿಗೆ, ಹಣ್ಣು ಕಾಣುವ ಮೊದಲೇ ಬೆಲೆ ಹೇಗೆ ಗೊತ್ತಾಗುತ್ತದೆ ಎಂದು ಅವಳು ಹುಡುಗಿಯಾಗಿದ್ದಾಗಲೇ ಅಪ್ಪನನ್ನು ಪೀಡಿಸುತ್ತಿದ್ದಳು. ಆನರ್ಸ್ ಓದುವಾಗ ಅದನ್ನೇ ದೊಡ್ಡ ಪ್ರಬಂಧವಾಗಿ ಬರೆದಳು. ಪ್ರೊಫೆಸರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದ್ದರು.

ಆನರ್ಸಿನಲ್ಲಿ ಮೊದಲನೇ ದರ್ಜೆ. ಎಂ.ಎ. ಪರೀಕ್ಷೆಯ ಹೊತ್ತಿಗೆ ವಿಷಮಶೀತ ಜ್ವರ ಬಂತು. ಕೊನೆಯ ಎರಡು ಪತ್ರಿಕೆಗಳನ್ನು ಅವಳು ನಡುಗುವ ಕೈಯಲ್ಲಿ ಬರೆದು ಬಂದಿದ್ದಳು. ಬಂದದ್ದು ಎರಡನೇ ದರ್ಜೆ.

"ಅಲ್ಲೇ ಕಣಪ್ಪಾ ಎಡವಟ್ಟಾಗಿರೋದು" ಅನ್ನುತ್ತಿದ್ದಳು. "ಅವರು ಮೊದಲು ನೋಡೋದೇ ಎಂ.ಎ. ಕ್ಲಾಸು."

"ಜ್ವರ ಬಂದಿತ್ತು ಅಂತ ಬರಿಯಮ್ಮ."

"ಜ್ವರಕ್ಕೆ ಯಾರು ಮಾರ್ಕು ಕೊಡ್ತಾರೆ?"

"ಆ ಮಾವಿನಕಾಯಿ ಪ್ರಬಂಧ ಕಳಿಸು. ಅದನ್ನ ಓದಿದ ಮೇಲೂ ಬೇಡ ಅಂದ್ರೆ ಅವರಿಗೇ ಅರ್ಥಶಾಸ್ತ್ರ ಬರಲ್ಲ ಅಂತ ತಿಳ್ಕೋ."

ಕೋದಂಡರಾಮಪ್ಪ ಹಾಗೇ. ಹೆಂಡತಿ ತೀರಿಕೊಂಡಾಗ ಹಿರಿಯವಳಿಗೆ ಹನ್ನೆರಡು, ಕಿರಿಯವಳು ರಾಮಲಕ್ಷ್ಮಿಗೆ ಐದು. ತಾಯಲೂರಿನ ನೆಂಟರೆಲ್ಲ ಬಂದು ದೊಡ್ಡ ಹುಡುಗಿಯನ್ನು ಕೊಟ್ಟುಬಿಡು, ಭಾರ ಇಳಿಯುತ್ತದೆ ಎಂದರು. ಅವರು ಒಪ್ಪಲಿಲ್ಲ. ತಮ್ಮ ಅಕ್ಕ ಮುನಿಗಂಗಮ್ಮನನ್ನು ಕರೆತಂದು ಅಡುಗೆಮನೆ ಒಪ್ಪಿಸಿದರು, ಮಗಳನ್ನು ಹೈಸ್ಕೂಲಿಗೆ ಸೇರಿಸಿದರು. ಅವಳು ಮೈಸೂರಿನ ಹಾಸ್ಟೆಲಿಗೆ ಹೊರಟಾಗ ದಾಯಾದಿಗಳು ಮಾತು ಬಿಟ್ಟರು. ಅದಕ್ಕೂ ಅವರು ಜಗ್ಗಲಿಲ್ಲ.

ಆದರೂ ಭಾರತಮ್ಮನ ಅನುಮಾನ ಹೋಗಲಿಲ್ಲ. ಹೆಂಗಸು ಅಂತ ಬೇಡ ಅಂದಾರು. ಈ ಊರಿನ ಹೆಸರನ್ನೇ ಅವರು ಕೇಳಿರಲಾರರು. ಅಲ್ಲಿ ಗಣಿತ ಬಹಳ ಕೇಳುತ್ತಾರಂತೆ. ಮರುಗಳಿಗೆಯೇ, ತನಗಿಂತ ಹಿಂದಿದ್ದ ಸಹಪಾಠಿ ಕದಿರೇಶನೂ ಮುಂದೆ ಅರ್ಜಿ ಹಾಕುತ್ತೇನೆ ಅನ್ನುತ್ತಿದ್ದಾನಲ್ಲ, ಅವನಿಗಿಂತ ನಾನೇನು ಕಡಿಮೆ ಎಂಬ ಹುರುಪು. ಹೀಗೆ ತೂಗಿ ತೂಗಿ ಬೇಸತ್ತು ಕೊನೆಗೆ, ಪ್ರೊಫೆಸರನ್ನೇ ಕೇಳಿಬಿಡೋಣ ಎಂದು ತೀರ್ಮಾನಿಸಿದಳು. ಎಷ್ಟೋ ಜನ ಅವರ ಕೈಯಿಂದ ಹೊರದೇಶಕ್ಕೆ ಹೋಗಿದ್ದರು. ಅವರ ಅಂದಾಜು ತಪ್ಪುವುದಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಅವರು ಬೆಂಗಳೂರಿನ ಮಗಳ ಮನೆಗೆ ಬರುತ್ತಾರೆಂದು ತಿಳಿಯಿತು. ಅವಳು ಹೊರಡಬೇಕೆಂದಿದ್ದ ವಾರವೇ ಸ್ಕೂಲಿಗೆ ಇನ್‌ಸ್ಪೆಕ್ಷನ್ ಬಂತು, ರಜ ಸಿಗಲಿಲ್ಲ.

"ನಾನು ಹೋಗಿ ಕೇಳ್ಕೊಂಡು ಬರ್ತೀನಿ ಬಿಡು" ಎಂದರು ಕೋದಂಡರಾಮಪ್ಪ. "ಬರ್ತಾ ರೈಲಿಂದ ಮಾಲೂರಲ್ಲಿ ಇಳಿದು ರಾಮಿ ವಿಷಯಾನೂ ಮುಗಿಸ್ಕೊಂಡು ಬರ್ತೀನಿ."

ರಾಮಿಯ ವಿಷಯವೆಂದರೆ ಮಾಲೂರಿನ ಪಟೇಲ್ ಗಂಗುಲಪ್ಪನವರ ಮಗನ ಸಂಬಂಧ. ರಾಮಲಕ್ಷ್ಮಿಗೆ ಚಿಕ್ಕಂದಿನಲ್ಲಿ ಸಿಡುಬು ಎದ್ದು ಮುಖದ ತುಂಬ ಕಲೆ ಉಳಿದಿತ್ತು. ಆಗಲೇ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಈ ಹುಡುಗ ಅವಳನ್ನು ನೋಡಿ, ಮಾತಾಡಿಸಿ, ಒಪ್ಪಿಕೊಂಡು ಹೋಗಿದ್ದ. ಅಂದಿನಿಂದ ರಾಮಿ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು.

ಹೊರಟ ಮಾರನೆಯ ದಿನ ಸಂಜೆ ಬಸ್ಸಿಳಿದು ಬಂದ ಅಪ್ಪನನ್ನು ಭಾರತಮ್ಮ ಬಾಗಿಲಲ್ಲೇ ಕಂಡಳು. ಕೊಡೆ ಮೂಲೆಗಿಟ್ಟು, ಪೇಟ ತೆಗೆದು ಗೂಟಕ್ಕೆ ಹಾಕಿ, ಅವರು ಜಗಲಿಯ ಮೇಲೆ ಕುಳಿತರು. ರಾಮಿ ನೀರು ತಂದುಕೊಟ್ಟಳು. ಕುಡಿಯಲಿಲ್ಲ.

"ಏನಂದ್ರಪ್ಪಾ?"

"ಆಗಲ್ವಂತಮ್ಮ."

ಅಪ್ಪ ಚೊಂಬಿನೊಳಗೆ ನೋಡುತ್ತ ಮುಂದುವರಿಸಿದರು. "ಎಂ.ಎ.ನಲ್ಲಿ ಸೆಕೆಂಡ್ ಕ್ಲಾಸ್ ಇದ್ರೆ ಅರ್ಜಿ ಹಾಕಿದ್ರೂ ಪ್ರಯೋಜನ ಇಲ್ಲ ಅಂದ್ರು. ಹೋದ ವರ್ಷ ಫಸ್ಟ್ ಕ್ಲಾಸ್ ಹುಡುಗರು ಇಬ್ಬರನ್ನ ವಾಪಸ್ ಕಳಿಸಿದ್ರಂತೆ. ಪ್ರಬಂಧ ಚೆನ್ನಾಗಿದೆ, ಆದರೆ ಅಲ್ಲಿಯ ಮಟ್ಟಕ್ಕೆ ಸಾಲದು ಅಂದ್ರು. ಹುಡುಗಿಗೆ ಮುಖಕ್ಕೆ ಹೇಳೋಕೆ ನನಗೆ ಕಷ್ಟ ಆಗುತ್ತೆ, ನೀವೇ ಮೆತ್ತಗೆ ಹೇಳಿ, ಕಾಗದ ಗೀಗದ ಬರೀಬೇಡ ಅಂತ ಹೇಳಿ ಅಂದ್ರು."

"ಸಾಲದು ಅಂದ್ರಾ?"

"ಹೂಂ."

"ಸರಿ" ಎಂದಳು. ಒಳಗೆ ಹೋಗಿ ಬಿಚ್ಚಿಟ್ಟಿದ್ದ ಪುಸ್ತಕಗಳನ್ನು ಮುಚ್ಚಿದಳು. ಗಟ್ಟಿಯಾಗಿ ಅತ್ತವಳು ರಾಮಿ. ಮುನಿಗಂಗಮ್ಮ "ಪೋನೀಲೇ ಅಮ್ಮ, ಹೋಗ್ಲಿ ಬಿಡು, ಅಷ್ಟು ದೂರ ಹೋಗಿ ನೀನೇನು ಮಾಡ್ತಿದ್ದೆ" ಎಂದು ತಲೆ ಸವರಿದಳು. ಮಾಲೂರಿನ ಸಂಬಂಧ ಗಟ್ಟಿಯಾಯಿತೆಂಬ ಸುದ್ದಿಯನ್ನು ಅಪ್ಪ ಊಟದ ಹೊತ್ತಿಗೆ ಹೇಳಿದರು. ಅಷ್ಟು ಹೊತ್ತು ಅದನ್ನು ಯಾರೂ ಕೇಳಿರಲಿಲ್ಲ.

ವೈಶಾಖದಲ್ಲಿ ಮದುವೆಯಾಯಿತು. ಭಾರತಮ್ಮನೇ ಮುಂದೆ ನಿಂತು ತಂಗಿಗೆ ಸೀರೆ ಆರಿಸಿದಳು, ಚಪ್ಪರದಡಿ ಓಡಾಡಿದಳು, ಬೀಗರನ್ನು ಉಪಚರಿಸಿದಳು. ಗಂಡಿನ ಕಡೆಯ ಹೆಂಗಸರು ಅವಳನ್ನು ಮೇಲಿಂದ ಕೆಳಗೆ ನೋಡಿ ತಮ್ಮತಮ್ಮೊಳಗೆ ಏನೋ ಮಾತಾಡಿಕೊಂಡರು. ಮದುವೆಯಾಗದೆ ಉಳಿದ ಅಕ್ಕನನ್ನು ಎಲ್ಲ ಹಾಗೇ ನೋಡುತ್ತಾರೆ ಎಂದುಕೊಂಡು ಅವಳು ಸುಮ್ಮನಾದಳು.

ಮರುವರ್ಷ ಕದಿರೇಶ ಲಂಡನ್ನಿಗೆ ಹೋದನೆಂದು ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು. ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ. ಅವನಲ್ಲಿ ತಾನು ಕಾಣದ ಏನೋ ಇದ್ದಿರಬೇಕು, ಬಲ್ಲವರಿಗೆ ಅದು ಕಂಡಿತು ಎಂದುಕೊಂಡಳು. ಅವಳಿಗಾದ ನಿಜವಾದ ನಷ್ಟ ಇದು. ಪ್ರೊಫೆಸರು ಹೇಳಿದರೆಂಬ, ಮಟ್ಟ ಸಾಲದು ಎನ್ನುವ ಆ ಒಂದು ಮಾತು ಅವಳೊಳಗೆ ಇಳಿದು ಕೂತುಬಿಟ್ಟಿತು. ಬೆಲೆಗಳ ಬಗ್ಗೆ ಏನಾದರೂ ಹೊಸದು ಹೊಳೆದರೆ, ಹೊಳೆದ ಬೆನ್ನಿಗೇ ಇದು ದೊಡ್ಡದೇನಲ್ಲ, ಬಲ್ಲವರು ನಗುತ್ತಾರೆ ಅನ್ನಿಸುತ್ತಿತ್ತು. ಒಮ್ಮೆ ಬೆಂಗಳೂರಿನ ಪತ್ರಿಕೆಯೊಂದು ಲೇಖನ ಕೇಳಿದಾಗ ಅರ್ಧ ಬರೆದು ಹರಿದುಹಾಕಿದಳು. ಯುದ್ಧದ ಕಾಲದಲ್ಲಿ ಮುಳಬಾಗಿಲಿನ ಸಂತೆಯಲ್ಲಿ ರಾಗಿ ಇದ್ದಕ್ಕಿದ್ದಂತೆ ಕಾಣೆಯಾದಾಗ ಅದು ಏಕೆ, ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಹೊಳೆದಿತ್ತು. ಅದನ್ನು ಯಾರೊಂದಿಗೂ ಹೇಳಲಿಲ್ಲ. ಮದುವೆಯ ಮಾತುಗಳು ಬಂದವು, ಬೇಡವೆಂದಳು. ನಲವತ್ತಮೂರನೇ ಇಸವಿಯಲ್ಲಿ ಹೆಡ್‌ಮಿಸ್ಟ್ರೆಸ್ ಆದಳು. ಒಳ್ಳೆಯ ಉಪಾಧ್ಯಾಯಿನಿ ಎಂದು ಊರಲ್ಲಿ ಹೆಸರಿತ್ತು. ತನಗೆ ಇಷ್ಟೇ ದಕ್ಕುವುದು ಎಂದು ಅವಳೂ ಒಪ್ಪಿಕೊಂಡಿದ್ದಳು.

ಯುದ್ಧ ಮುಗಿದ ಮರುವರ್ಷ, ನಲವತ್ತಾರರ ಫೆಬ್ರವರಿಯಲ್ಲಿ, ಪ್ರೊಫೆಸರು ಕೋಲಾರಕ್ಕೆ ಬಂದರು. ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸಹಕಾರ ಸಂಘದವರು ಹೈಸ್ಕೂಲಿನ ಹಾಲಿನಲ್ಲಿ ಅವರ ಭಾಷಣ ಇಟ್ಟಿದ್ದರು. ಭಾರತಮ್ಮ ಹೋಗುವುದೋ ಬೇಡವೋ ಎಂದು ಅನುಮಾನಿಸುತ್ತಲೇ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಭಾಷಣ ಮುಗಿದ ಮೇಲೆ ಅವರೇ ಗುರುತು ಹಿಡಿದು ಬಂದರು.

"ಮಾವಿನ ತೋಪಿನ ಭಾರತಿ ಅಲ್ಲವೇನಮ್ಮ?"

ಅವಳು ನಮಸ್ಕರಿಸಿದಳು. ಎಲ್ಲಿದ್ದೀಯ, ಏನು ಮಾಡುತ್ತಿದ್ದೀಯ ಎಂದೆಲ್ಲ ವಿಚಾರಿಸಿದ ಮೇಲೆ ಅವರು ಕೇಳಿದರು, "ಅಲ್ಲಮ್ಮ, ಆ ವರ್ಷ ನೀನು ಅರ್ಜಿ ಯಾಕೆ ಹಾಕಲಿಲ್ಲ?"

"ತಾವೇ ಬೇಡ ಅಂದಿರಂತಲ್ಲ ಸಾರ್. ನನ್ನ ಮಟ್ಟ ಸಾಲದು ಅಂತ."

"ನಾನೇ?" ಪ್ರೊಫೆಸರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನಿಮ್ಮ ತಂದೆಯವರು ಬಂದಿದ್ದರಲ್ಲ, ಚೆನ್ನಾಗಿ ನೆನಪಿದೆ. ಖಂಡಿತ ಸಿಗುತ್ತೆ, ಯೋಚನೆ ಬೇಡ ಅಂದೆ. ಅಲ್ಲಿಯವರಿಗೆ ನಾನಾಗಲೇ ಬರೆದಿದ್ದೆ, ಪ್ರಬಂಧ ಕಳಿಸಿ ಅಂತ ಅವರ ಉತ್ತರವೂ ಬಂದಿತ್ತು. ಸೀಟು ಸಿಕ್ಕರೆ ಸರ್ಕಾರದ ವಿದ್ಯಾರ್ಥಿವೇತನ ಕೊಡಿಸೋದು ನನ್ನ ಜವಾಬ್ದಾರಿ ಅಂತಲೂ ಹೇಳಿದೆ. ಪಾಪ, ಅವರ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನನ್ನ ಕೈ ಹಿಡಿದುಕೊಂಡರು. ಆಮೇಲೆ ನಿನ್ನಿಂದ ಒಂದು ಸಾಲೂ ಬರಲಿಲ್ಲ. ಮದುವೆ ಆಯಿತೇನೋ, ಓದು ಬಿಟ್ಟಳೇನೋ ಅಂದುಕೊಂಡೆ. ನನಗೂ ಸ್ವಲ್ಪ ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ."

ಸಂಘದವರು ಹಾರ ಹಿಡಿದು ಪ್ರೊಫೆಸರನ್ನು ಕರೆಯುತ್ತಿದ್ದರು. ಭಾರತಮ್ಮ ಏನು ಉತ್ತರ ಕೊಟ್ಟಳೋ ಅವಳಿಗೇ ನೆನಪಿಲ್ಲ. ಹೈಸ್ಕೂಲಿನಿಂದ ಕೋಟೆಯವರೆಗೆ ನಡೆದು ಬಂದಳು. ದಾರಿಯಲ್ಲಿ ಯಾರೋ ನಮಸ್ಕಾರ ಮೇಡಂ ಅಂದರು. ಅವಳಿಗದು ಕೇಳಿಸಿತು, ಕೈ ಮಾತ್ರ ಏಳಲಿಲ್ಲ.

ಕೋದಂಡರಾಮಪ್ಪ ಜಗಲಿಯ ಮೇಲೆ ಕಾಲು ನೀಡಿ ಕುಳಿತಿದ್ದರು. ಮುನಿಗಂಗಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಭಾರತಮ್ಮ ಚಪ್ಪಲಿ ಬಿಡದೆ ಮೆಟ್ಟಿಲ ಮೇಲೇ ನಿಂತಳು.

"ಅವತ್ತು ಪ್ರೊಫೆಸರು ನಿಮಗೆ ಏನು ಹೇಳಿದ್ರು?"

ಹುಟ್ಟಿದಂದಿನಿಂದ ಅಪ್ಪನನ್ನು ಅವಳು ನೀನು ಎಂದೇ ಕರೆದವಳು. ಅವರು ತಲೆಯೆತ್ತಿ ನೋಡಿದರು. ಯಾವತ್ತು, ಯಾವ ಪ್ರೊಫೆಸರು ಎಂದು ಕೇಳಲಿಲ್ಲ.

"ಸಿಗುತ್ತೆ ಅಂದ್ರು ಕಣಮ್ಮ. ಖಂಡಿತ ಅಂದ್ರು."

"ಮತ್ತೆ?"

ಅವರು ಮೊದಲಿನಿಂದ ಹೇಳತೊಡಗಿದರು. ಬೆಂಗಳೂರಿನಿಂದ ಹೊರಟಾಗ ತಮಗೆ ನೆಲದ ಮೇಲೆ ಕಾಲೇ ನಿಂತಿರಲಿಲ್ಲ ಎಂದರು. ಸ್ಟೇಷನ್ನಿನ ಹತ್ತಿರ ಮೈಸೂರುಪಾಕು ಕೊಂಡು, ಮನೆಗೆ ಒಯ್ಯುವ ತಾಳ್ಮೆಯಿಲ್ಲದೆ ರೈಲಿನಲ್ಲಿ ಎದುರು ಕುಳಿತವರಿಗೆಲ್ಲ ಹಂಚಿದರಂತೆ, ನನ್ನ ಮಗಳು ಲಂಡನ್ನಿಗೆ ಹೋಗ್ತಾಳೆ ಎಂದು. ಮಾಲೂರಿನಲ್ಲಿ ಇಳಿದು ಗಂಗುಲಪ್ಪನವರ ಮನೆಗೆ ಹೋಗಿ, ಅವರು ಕುಳಿತುಕೊಳ್ಳಿ ಅನ್ನುವ ಮೊದಲೇ ಅದನ್ನೇ ಹೇಳಿದರಂತೆ.

"ನಾನೇ ಹೇಳಿದೆ. ಯಾರೂ ಕೇಳಿರಲಿಲ್ಲ. ನಾನೇ ಜಂಬ ಕೊಚ್ಚಿಕೊಂಡೆ" ಎಂದರು ಕೋದಂಡರಾಮಪ್ಪ. "ಅವರ ಮುಖ ಸಣ್ಣಗಾಯ್ತು. ಮದುವೆ ಇಲ್ಲದ ಹುಡುಗೀನ ಒಬ್ಬಳನ್ನೇ ಹಡಗು ಹತ್ತಿಸ್ತೀರಾ, ಅಂಥ ಮನೆಯ ಹೆಣ್ಣು ನಮಗೆ ಬೇಡ, ಎದ್ದೇಳಿ ಅಂದ್ರು. ಕಾಲು ಹಿಡಿಯೋದೊಂದು ಬಾಕಿ, ಅಷ್ಟು ಕೇಳ್ಕೊಂಡೆ. ಇಲ್ಲ ಅಂದ್ರು. ಅವಳು ಹೋಗಲ್ಲ ಅಂತ ಮಾತು ಕೊಡಿ, ಇವತ್ತೇ ತಾಂಬೂಲ ತಗೊಳ್ಳಿ ಅಂದ್ರು. ರಾಮಿ ಮುಖ ಕಣ್ಣ ಮುಂದೆ ಬಂತು. ಎರಡು ಸಂಬಂಧ ತಪ್ಪಿತ್ತು. ನಿನಗೆ ಓದಿತ್ತು, ಕೆಲಸ ಇತ್ತು. ಅವಳಿಗೆ ಏನಿತ್ತಮ್ಮ?"

"ನನ್ನನ್ನ ಕೇಳಬಹುದಿತ್ತು."

"ಕೇಳಿದ್ರೆ ನೀನು ಬಿಟ್ಟುಕೊಡ್ತಿದ್ದೆ. ಅದು ಗೊತ್ತಿತ್ತು. ಬಿಟ್ಟುಕೊಟ್ಟು ತಂಗಿ ಮುಖ ನೋಡಿದಾಗೆಲ್ಲ ಸಂಕಟಪಡ್ತಿದ್ದೆ. ಸಿಗಲೇ ಇಲ್ಲ ಅಂದ್ರೆ ಒಂದು ಸಲ ಅತ್ತು ಮರೀತೀಯ ಅಂದ್ಕೊಂಡೆ." ಮತ್ತೆ ಹೇಳಿದರು, "ಹೋಗಿದ್ರೂ ಯುದ್ಧ ಬಂತಲ್ಲಮ್ಮ. ಆ ಊರ ಮೇಲೆ ಬಾಂಬು ಬಿತ್ತು. ನೀನಲ್ಲಿ ಸಿಕ್ಕಿಹಾಕ್ಕೊಂಡಿದ್ರೆ..."

"ಮಾತು ಕೊಟ್ಟಾಗ ಯುದ್ಧ ಬರುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ."

"ಹೋಗಬೇಡ ಅಂದಿದ್ರೆ ನಿಲ್ತಿದ್ದೆ. ರಾಮಿಗೋಸ್ಕರ ನಿಲ್ಲು ಅಂದಿದ್ರೂ ನಿಲ್ತಿದ್ದೆ." ಅವಳ ದನಿ ಒಡೆಯಿತು. "ನನ್ನ ಮಟ್ಟ ಸಾಲದು ಅಂದ್ರಲ್ಲ. ಅದನ್ನ ಯಾಕೆ ಹೇಳಿದ್ರಿ? ಇಷ್ಟು ವರ್ಷ ನಾನು ದಡ್ಡಿ ಅಂತ ನಂಬ್ಕೊಂಡು ಬದುಕಿದೆ."

ಕೋದಂಡರಾಮಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವಳು ಅವರನ್ನು ದಾಟಿಕೊಂಡು ಒಳಗೆ ಹೋದಳು.

ಆ ಭಾನುವಾರ ಭಾರತಮ್ಮ ಮಾಲೂರಿಗೆ ಹೋದಳು. ಏನು ಹೇಳಬೇಕು, ಹೇಳಬೇಕೋ ಬೇಡವೋ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ತಂಗಿಯನ್ನು ನೋಡಬೇಕು ಅನ್ನಿಸಿತ್ತು, ಅಷ್ಟೆ. ರಾಮಲಕ್ಷ್ಮಿ ಹಿತ್ತಲಿನಲ್ಲಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು. ಮೈತುಂಬಿಕೊಂಡಿದ್ದಳು, ಎರಡು ಮಕ್ಕಳ ತಾಯಿ. ಅಕ್ಕನ ಮುಖ ನೋಡಿದವಳೇ ಕೈಯಲ್ಲಿದ್ದುದನ್ನು ಮೊರಕ್ಕೆ ಹಾಕಿ ಎದ್ದಳು.

"ಯಾರು ಹೇಳಿದ್ರಕ್ಕಾ?" ಎಂದಳು.

"ನಿಂಗೆ ಗೊತ್ತಿತ್ತಾ?"

"ಮದುವೆಯಾದ ವರ್ಷದ ದೀಪಾವಳೀಲಿ ನಮ್ಮತ್ತೆ ಏನೋ ಮಾತಿಗೆ ಚುಚ್ಚಿ ಹೇಳಿದ್ರು. ನಿಮ್ಮಕ್ಕನ್ನ ಹಡಗು ಹತ್ತದ ಹಾಗೆ ತಡೆದು ನಿನ್ನ ತಂದ್ಕೊಂಡ್ವಿ ಅಂತ." ರಾಮಿ ಅಳುತ್ತಿದ್ದಳು. "ಬಂದು ಹೇಳಿಬಿಡೋಣ ಅಂತ ಎಷ್ಟು ಸಲ ಹೊರಟೆ ಗೊತ್ತಾ? ಹೇಳಿದ್ರೆ ನೀನು ನನ್ನ ಮುಖ ನೋಡಲ್ಲ ಅಂತ ಭಯ ಆಗೋದು. ಆಮೇಲೆ ಮಗು ಆಯ್ತು. ಆಮೇಲೆ ಹೇಳೋಕೇ ಆಗಲಿಲ್ಲ."

ಭಾರತಮ್ಮ ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದಳು. ಮದುವೆಯಾದ ವರ್ಷದ ದೀಪಾವಳಿ. ಕದಿರೇಶ ಹೋದದ್ದು ಅದರ ಮರುವರ್ಷ. ಆಗ ಈ ಹುಡುಗಿ ಬಂದು ಒಂದು ಮಾತು ಹೇಳಿದ್ದರೆ ಅವನ ಜೊತೆಯಲ್ಲೇ ಅರ್ಜಿ ಹಾಕಬಹುದಿತ್ತು. ಮದುವೆ ಮುಗಿದಿತ್ತು, ಯಾರ ಬದುಕೂ ಕೆಡುತ್ತಿರಲಿಲ್ಲ.

"ಆಗ ಹೇಳಿದ್ರೆ ಇನ್ನೂ ಸಮಯ ಇತ್ತು ಕಣೇ ರಾಮೀ" ಎಂದಳು. ಮೆಲ್ಲಗೆ ಹೇಳಿದಳು. ರಾಮಿಗೆ ಅದು ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅಲ್ಲೇ ಕುಸಿದು ಕುಳಿತಳು. ಮಕ್ಕಳು ಓಡಿಬಂದು ದೊಡ್ಡಮ್ಮನ ಸೆರಗು ಹಿಡಿದುಕೊಂಡವು. ಅವಳು ಅವುಗಳ ತಲೆ ನೇವರಿಸಿ, ತಂಗಿ ಎಷ್ಟು ಬೇಡಿಕೊಂಡರೂ ಊಟಕ್ಕೆ ನಿಲ್ಲದೆ, ಮಧ್ಯಾಹ್ನದ ಬಸ್ಸಿಗೇ ಹಿಂದಿರುಗಿದಳು.

ಪ್ರೊಫೆಸರಿಗೆ ಕಾಗದ ಬರೆದಳು. ಈ ಸಲ ನಡುವೆ ಯಾರನ್ನೂ ಬಿಡಲಿಲ್ಲ. ಈಗ ಅರ್ಜಿ ಹಾಕಿದರೆ ಹೇಗೆ, ಮುಚ್ಚಿಡದೆ ಹೇಳಿ ಎಂದು ಕೇಳಿದಳು. ಅವರೂ ಮುಚ್ಚಿಡಲಿಲ್ಲ. ಯುದ್ಧದಿಂದ ಮರಳಿದ ಸೈನಿಕರಿಗೇ ಅಲ್ಲಿ ಮೊದಲ ಜಾಗ, ತಮ್ಮನ್ನು ಬಲ್ಲವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಇನ್ನೊಬ್ಬರು ನಿವೃತ್ತರು, ಹತ್ತು ವರ್ಷಗಳಲ್ಲಿ ಶಾಸ್ತ್ರವೇ ಬೇರೆ ದಾರಿ ಹಿಡಿದಿದೆ, ನೀನು ಆ ಹೊಸ ಪುಸ್ತಕಗಳನ್ನು ಓದಿಲ್ಲ, ವಯಸ್ಸು ಮೂವತ್ತೆರಡು ಎಂದು ಬರೆದರು. ಸಿಗುವುದು ಬಹಳ ಕಷ್ಟ, ಆದರೂ ಹಾಕು ಎಂದರು. ಅವಳು ಮಾವಿನ ತೋಪಿನ ಪ್ರಬಂಧವನ್ನು ಹುಡುಕಿ ತೆಗೆದು ಓದಿದಳು. ಅದು ಚೆನ್ನಾಗಿತ್ತು. ಇಷ್ಟು ಚೆನ್ನಾಗಿ ಯೋಚಿಸುತ್ತಿದ್ದ ಹುಡುಗಿ ಎಲ್ಲಿ ಹೋದಳು ಎಂದು ಅದನ್ನು ಎದೆಗೊತ್ತಿಕೊಂಡು ಅತ್ತಳು. ಎರಡು ತಿಂಗಳು ಕೂತು ತಿದ್ದಿ, ಬೆಂಗಳೂರಿಗೆ ಹೋಗಿ ಟೈಪು ಮಾಡಿಸಿ ಕಳಿಸಿದಳು.

ಉತ್ತರ ಆಗಸ್ಟಿನಲ್ಲಿ ಬಂತು. ಬರೆದವರು ಮರ್ಯಾದಸ್ಥರು. ಪ್ರಬಂಧವನ್ನು ಆಸಕ್ತಿಯಿಂದ ಓದಿದೆವು, ಈ ವರ್ಷ ಸ್ಥಳವಿಲ್ಲದ್ದಕ್ಕೆ ವಿಷಾದಿಸುತ್ತೇವೆ, ಇಷ್ಟು ವರ್ಷಗಳ ಅಂತರದ ನಂತರ ಮುಂದಿನ ವರ್ಷಗಳ ಬಗ್ಗೆಯೂ ಭರವಸೆ ಕೊಡಲಾರೆವು ಎಂದಿದ್ದರು.

ಕೋದಂಡರಾಮಪ್ಪನವರಿಗೆ ಆ ಹೊತ್ತಿಗೆ ಕಣ್ಣು ಮಂಜಾಗಿತ್ತು. ಆ ದಿನದ ನಂತರ ತಂದೆ ಮಗಳ ನಡುವೆ ಊಟ, ಔಷಧಿ, ಕಂದಾಯ ಇಷ್ಟೇ ಮಾತು. ಟಪಾಲಿನವನ ದನಿ ಅವರಿಗೂ ಕೇಳಿಸಿತ್ತು. ಅವಳು ಕಾಗದ ಓದಿ ಮುಗಿಸುವವರೆಗೂ ಅವರು ಕಾದರು.

"ಏನಂತಮ್ಮಾ?"

ಒಂದು ಕ್ಷಣ ಅವಳಿಗೆ, ಸಿಕ್ಕಿತು, ನಾನೇ ಬೇಡವೆಂದು ಬರೆಯುತ್ತೇನೆ ಎಂದುಬಿಡೋಣ ಅನ್ನಿಸಿತು. ಮುದುಕನಿಗೆ ಇನ್ನೆಷ್ಟು ದಿನ. ಆದರೆ ಆ ಮನೆಯಲ್ಲಿ ಮತ್ತೊಂದು ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

"ಇಲ್ಲ ಅಂತ ಬಂದಿದೆ."

ಅವರು ತಲೆಯಾಡಿಸಿದರು. ಆಮೇಲೆ ಕೇಳಿದರು, "ಆಗ ಹಾಕಿದ್ರೆ ಸಿಗ್ತಿತ್ತು, ಅಲ್ವಾ?"

"ಸಿಗ್ತಿತ್ತು" ಎಂದಳು ಭಾರತಮ್ಮ.

ಅದರಲ್ಲಿ ಸಿಟ್ಟಿರಲಿಲ್ಲ. ತನ್ನ ಬಗ್ಗೆ ಅಷ್ಟು ಗಟ್ಟಿಯಾಗಿ ಅವಳು ಯಾವತ್ತೂ ಮಾತಾಡಿರಲಿಲ್ಲ. ಮುದುಕರು ಶಬ್ದವಿಲ್ಲದೆ ಅಳತೊಡಗಿದರು. ಅವಳು ಹತ್ತಿರ ಹೋಗಿ ಸಮಾಧಾನ ಹೇಳಲಿಲ್ಲ, ಎದ್ದು ಒಳಗೂ ಹೋಗಲಿಲ್ಲ. ಜಗಲಿಯ ಇನ್ನೊಂದು ತುದಿಯಲ್ಲಿ ಕಂಬಕ್ಕೊರಗಿ ಕುಳಿತಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಬಿಸಿಲು ಮೆಟ್ಟಿಲು ದಾಟಿ ಒಳಗೆ ಬಂದ ಮೇಲೆ ಅವಳು ಎದ್ದು, ಅಪ್ಪನ ಕಣ್ಣಿನ ಔಷಧಿಯ ಹೊತ್ತಾಯಿತೆಂದು ಸೀಸೆ ತರಲು ಹೋದಳು.